ಬಾಲಕರ ಮೊಕದ್ದಮೆಗಳ ವರ್ಗಾವಣೆ ಮತ್ತು ಮೇಲ್ಮನವಿಯ ಹಕ್ಕು

(ವಾರಾಣಸಿಯ ಕನ್ನಡ ಬಾಂಧವರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಕಾಶಿಗೂ ಕನ್ನಡ ನಾಡಿಗೂ ಇರುವ ಬಾಂಧವ್ಯ ಬಹು ಹಳೆಯದು. ಜಂಗಮವಾಡಿ ಮಠ, ಹನುಮಾನ್ ಘಾಟಿನ ಕರ್ನಾಟಕ ಛತ್ರ, ಬನಾರಸ್ ಹಿಂದೂ ವಿಶ್ವವಿದ್ಯಾಲಯ ಇವುಗಳ ಆಸುಪಾಸಿನಲ್ಲಿ ಕನ್ನಡದ ಮಾತು ಕಿವಿಗೆ ಬೀಳದ ದಿನವಿಲ್ಲ. ಯಾತ್ರಿಕರು ಬಂದು ಹೋಗುತ್ತಾರೆ; ಉದ್ಯೋಗ, ವ್ಯಾಪಾರ, ವ್ಯಾಸಂಗಗಳ ನಿಮಿತ್ತ ಬಂದವರು ಕೆಲಕಾಲ ನೆಲೆಸುತ್ತಾರೆ. ಹೀಗೆ ನೆಲೆಸಿದ ಒಂದು ಕುಟುಂಬದ ಹದಿನೇಳು ವರ್ಷದ ಹುಡುಗನ ಮೇಲೆ ಕೊಲೆಯಂತಹ ಆರೋಪ ಬಂದಿತೆಂದು ಊಹಿಸಿಕೊಳ್ಳಬಹುದು. ಹುಡುಗನನ್ನು ಗಂಗೆಯ ಆಚೆ ದಡದ ರಾಮನಗರದಲ್ಲಿರುವ ಸರ್ಕಾರಿ ವೀಕ್ಷಣಾಲಯದಲ್ಲಿ ಇರಿಸಲಾಗುತ್ತದೆ. ತಂದೆತಾಯಿ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರಾಗುತ್ತಾರೆ. ಕೆಲವು ತಿಂಗಳ ತರುವಾಯ ಒಂದು ದಿನ, ಕಡತವು ಮೇಲಿನ ನ್ಯಾಯಾಲಯಕ್ಕೆ ಹೋಗಿದೆಯೆಂದು ಯಾರೋ ಹೇಳುತ್ತಾರೆ. ಕಚೇರಿಗಳಲ್ಲಿ ಕಡತಗಳು ಹೋಗುವುದು ಬರುವುದು ಸಾಮಾನ್ಯವಾದ್ದರಿಂದ ಇದನ್ನೂ ಅಂಥದೇ ಒಂದು ಸಂಗತಿಯೆಂದು ಅವರು ತಿಳಿಯುತ್ತಾರೆ. ಮುಂದಿನ ತಾರೀಖಿಗಾಗಿ ಕಾಯುತ್ತಾರೆ.

ವಾಸ್ತವದಲ್ಲಿ ಆ ದಿನ ನಡೆದಿರುವುದು ಇಡೀ ಮೊಕದ್ದಮೆಯ ಅತಿ ಮುಖ್ಯ ತೀರ್ಮಾನ. ಹುಡುಗನನ್ನು ಮಗುವೆಂದು ವಿಚಾರಿಸಬೇಕೋ ವಯಸ್ಕನಂತೆ ವಿಚಾರಿಸಬೇಕೋ ಎಂಬುದು ಅಂದೇ ಇತ್ಯರ್ಥವಾಗಿದೆ. ಆ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸಲು ಕಾನೂನು ಅವಕಾಶ ನೀಡಿದೆ. ಆ ಅವಕಾಶದ ಅವಧಿ 30 ದಿನಗಳು. ಕುಟುಂಬವು ತಾರೀಖಿಗೆ ಕಾಯುತ್ತಿರುವ ಹೊತ್ತಿನಲ್ಲಿ ಆ ದಿನಗಳು ಸಂದುಹೋಗುತ್ತಿರುತ್ತವೆ.

ಭಾರತದಲ್ಲಿ ಇಂತಹ ವರ್ಗಾವಣೆಯು ಬಹಳ ಕಾಲದಿಂದ ಬಂದ ಪದ್ಧತಿಯಲ್ಲ. 1986ರ ಬಾಲ ನ್ಯಾಯ ಅಧಿನಿಯಮವು ಹದಿನಾರು ವರ್ಷದೊಳಗಿನ ಬಾಲಕರನ್ನೂ ಹದಿನೆಂಟು ವರ್ಷದೊಳಗಿನ ಬಾಲಕಿಯರನ್ನೂ ತನ್ನ ರಕ್ಷಣೆಗೆ ಒಳಪಡಿಸಿತ್ತು. 2000ದ ಅಧಿನಿಯಮವು ಇಬ್ಬರಿಗೂ ಹದಿನೆಂಟನ್ನೇ ಮಿತಿಯಾಗಿ ನಿಗದಿಪಡಿಸಿತು. ಆ ವಯಸ್ಸಿನೊಳಗಿನ ಯಾರನ್ನೂ ವಯಸ್ಕರ ವಿಚಾರಣೆಗೆ ಕಳುಹಿಸುವ ಉಪಬಂಧ ಅದರಲ್ಲಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ಆರೋಪಿಗಳಲ್ಲಿ ಒಬ್ಬನು ಹದಿನೆಂಟಕ್ಕೆ ಕೆಲವೇ ತಿಂಗಳು ಕಡಿಮೆಯಿದ್ದವನಾದ್ದರಿಂದ ದೇಶದಾದ್ಯಂತ ಚರ್ಚೆ ಎದ್ದಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು ವಯೋಮಿತಿಯನ್ನು ಇಳಿಸಲು ಶಿಫಾರಸು ಮಾಡಲಿಲ್ಲ. ಆದರೂ ಸಂಸತ್ತು 2015ರಲ್ಲಿ ಹೊಸ ಅಧಿನಿಯಮವನ್ನು ಅಂಗೀಕರಿಸಿತು. ಅದು 2016ರ ಜನವರಿ 15ರಿಂದ ಜಾರಿಗೆ ಬಂದಿತು. ಹದಿನೆಂಟರ ಮಿತಿಯನ್ನು ಹಾಗೆಯೇ ಉಳಿಸಿಕೊಂಡು, ಹದಿನಾರು ತುಂಬಿದವರು ಘೋರ ಅಪರಾಧದ ಆರೋಪಕ್ಕೊಳಗಾದಾಗ ಮಾತ್ರ ವರ್ಗಾವಣೆಗೆ ಒಂದು ದ್ವಾರವನ್ನು ಅದು ತೆರೆದಿಟ್ಟಿತು.

ಘೋರ ಅಪರಾಧವೆಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಇರುವ ಅಪರಾಧ. ಗರಿಷ್ಠ ಶಿಕ್ಷೆ ಎಷ್ಟೇ ಕಠಿಣವಾಗಿದ್ದರೂ ಕಾನೂನು ಕನಿಷ್ಠ ಶಿಕ್ಷೆಯನ್ನು ಹೇಳದಿದ್ದಲ್ಲಿ ಅದು ಈ ವರ್ಗಕ್ಕೆ ಸೇರದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 9ರಂದು ಶಿಲ್ಪಾ ಮಿತ್ತಲ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದಕಾರಣ ಮೇಲ್ಮನವಿಯನ್ನು ಯೋಚಿಸುವವರು ಮೊದಲು ಆರೋಪಪಟ್ಟಿಯ ಕಲಂಗಳನ್ನು ನೋಡಬೇಕು. ಅನಂತರ ವಯಸ್ಸು. ಕೃತ್ಯ ನಡೆಯಿತೆನ್ನಲಾದ ದಿನದಂದು ಹದಿನಾರು ತುಂಬಿರದಿದ್ದರೆ ವರ್ಗಾವಣೆಯ ಪ್ರಶ್ನೆಯೇ ಉದ್ಭವಿಸದು. ವಯಸ್ಸಿಗೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವೇ ಮೊದಲ ಆಧಾರ. ಅವಿಲ್ಲದಿದ್ದಲ್ಲಿ ನಗರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಅದೂ ಇಲ್ಲದಿದ್ದಲ್ಲಿ ಮಾತ್ರ ವೈದ್ಯಕೀಯ ಪರೀಕ್ಷೆ. ಊರಿನ ಶಾಲೆಯ ಕಾಗದವು ಕಾಶಿಗೆ ಬಂದು ತಲುಪುವಷ್ಟರಲ್ಲಿ ಎಷ್ಟೋ ದಿನಗಳು ಕಳೆಯುವುದರಿಂದ ಅದನ್ನು ಮೊದಲ ವಾರದಲ್ಲಿಯೇ ತರಿಸುವುದು ಲೇಸು.

ಈ ಎರಡೂ ಅಂಶಗಳು ಸ್ಥಿರಪಟ್ಟರೆ ಮಂಡಳಿಯು 15ನೆಯ ಕಲಮಿನ ಮೇರೆಗೆ ಪ್ರಾಥಮಿಕ ಮೌಲ್ಯಮಾಪನವನ್ನು ನಡೆಸುತ್ತದೆ. ಅಂತಹ ಕೃತ್ಯವೆಸಗಲು ಹುಡುಗನಿಗಿದ್ದ ಮಾನಸಿಕ ಸಾಮರ್ಥ್ಯ, ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ಅರಿಯುವ ಶಕ್ತಿ, ಕೃತ್ಯವು ನಡೆದಿದೆಯೆನ್ನಲಾದ ಸಂದರ್ಭ ಇವನ್ನು ಅದು ಪರಿಶೀಲಿಸಬೇಕು. ಇದು ವಿಚಾರಣೆಯಲ್ಲವೆಂದು ಕಾನೂನೇ ಸ್ಪಷ್ಟಪಡಿಸಿದೆ. ಹುಡುಗ ತಪ್ಪು ಮಾಡಿದನೇ ಇಲ್ಲವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅವನನ್ನು ನಿರ್ದೋಷಿಯೆಂದೇ ಭಾವಿಸಿ ಈ ಕೆಲಸ ನಡೆಯಬೇಕು. ನಿರ್ದೋಷಿಯೆಂದು ಭಾವಿಸಿ ಅಪರಾಧದ ಸಾಮರ್ಥ್ಯವನ್ನು ಅಳೆಯುವುದು ಎಷ್ಟು ಕ್ಲಿಷ್ಟವಾದ ಕಾರ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಂಡಳಿಯೇ ಮೊಕದ್ದಮೆಯನ್ನು ಉಳಿಸಿಕೊಂಡರೆ ಆಪಾದನೆ ರುಜುವಾತಾದರೂ ಹುಡುಗನನ್ನು ಗರಿಷ್ಠ ಮೂರು ವರ್ಷಗಳ ಕಾಲ ವಿಶೇಷ ಗೃಹದಲ್ಲಿ ಇರಿಸಬಹುದು. ಅನಂತರ ಆ ಅಪರಾಧವು ಅವನ ಉದ್ಯೋಗಕ್ಕಾಗಲಿ ಮುಂದಿನ ಬಾಳಿಗಾಗಲಿ ಅನರ್ಹತೆಯಾಗಿ ಅಂಟಿಕೊಳ್ಳುವುದಿಲ್ಲ. ವಯಸ್ಕನಂತೆ ವಿಚಾರಿಸಲ್ಪಟ್ಟು ದೋಷಿಯೆಂದು ತೀರ್ಮಾನವಾದರೆ ಈ ರಕ್ಷಣೆ ಇಲ್ಲ. ಮರಣದಂಡನೆಯನ್ನಾಗಲಿ ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಶಿಕ್ಷೆಯನ್ನಾಗಲಿ ಆಗಲೂ ವಿಧಿಸುವಂತಿಲ್ಲ. ಆದರೆ ದೀರ್ಘಕಾಲದ ಕಾರಾವಾಸ ಸಾಧ್ಯ. ಇಪ್ಪತ್ತೊಂದು ತುಂಬುವವರೆಗೆ ಸುರಕ್ಷಿತ ಸ್ಥಳದಲ್ಲಿ ಇರಿಸಿ, ಆಗ ಅವನಲ್ಲಿ ಆಗಿರುವ ಸುಧಾರಣೆಯನ್ನು ಪರಿಶೀಲಿಸಿ, ಅವಶ್ಯವೆನಿಸಿದರೆ ಕಾರಾಗೃಹಕ್ಕೆ ಕಳುಹಿಸಲಾಗುತ್ತದೆ. ಕೆಲವೇ ಪುಟಗಳ ಒಂದು ಆದೇಶದ ಮೇಲೆ ಇಷ್ಟೆಲ್ಲ ನಿಂತಿದೆ.

ಮೇಲ್ಮನವಿಯ ವಿಷಯಕ್ಕೆ ಬಂದರೆ, ಅಧಿನಿಯಮದ 101ನೆಯ ಕಲಮಿನ ಎರಡನೆಯ ಉಪಕಲಮು ಸೆಷನ್ಸ್ ನ್ಯಾಯಾಲಯಕ್ಕೆ ಆ ಅಧಿಕಾರವನ್ನು ಕೊಟ್ಟಿದೆ. ಆ ನ್ಯಾಯಾಲಯವು ತೀರ್ಮಾನಿಸುವಾಗ ಅನುಭವಿ ಮನಶ್ಶಾಸ್ತ್ರಜ್ಞರ ಮತ್ತು ವೈದ್ಯಕೀಯ ತಜ್ಞರ ನೆರವನ್ನು ಪಡೆಯಬಹುದು. ಅವರು ಮಂಡಳಿಗೆ ನೆರವಾದವರಲ್ಲದೆ ಬೇರೆಯವರಾಗಿರಬೇಕು. ಈ ಒಂದು ಮಾತಿನಲ್ಲಿಯೇ ಮೇಲ್ಮನವಿಯ ಸ್ವರೂಪವೆಲ್ಲ ಅಡಗಿದೆ. ಕೆಳಗಿನ ಆದೇಶದಲ್ಲಿ ಕಾನೂನಿನ ಲೋಪವಿದೆಯೇ ಎಂದು ಕಾಗದಗಳನ್ನು ತಿರುವಿ ನೋಡಿ ಮುಗಿಸುವ ಕೆಲಸ ಇದಲ್ಲ. ಹುಡುಗನ ಮನಸ್ಸನ್ನು ಎರಡನೆಯ ಬಾರಿ, ಬೇರೆ ಕಣ್ಣುಗಳಿಂದ ನೋಡುವ ಅವಕಾಶ. ಅದನ್ನು ಕೇಳಿ ಪಡೆಯಬೇಕು. ಕೇಳದಿದ್ದಲ್ಲಿ ಹಳೆಯ ವರದಿಯೇ ಮತ್ತೊಮ್ಮೆ ಓದಲ್ಪಡುವ ಸಂಭವವಿದೆ.

ಆದರೆ ಈ ಉಪಕಲಮಿನಲ್ಲಿ ಒಂದು ಕೊರತೆಯಿತ್ತು. ಮೊದಲನೆಯ ಉಪಕಲಮು ಇತರ ಮೇಲ್ಮನವಿಗಳಿಗೆ 30 ದಿನಗಳ ಅವಧಿಯನ್ನು ಹೇಳಿತ್ತು, ಎರಡನೆಯದು ಮೌನವಾಗಿತ್ತು. ಈ ಮೌನ ನೀಗಿದ್ದು ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಿಂದ ಎಂಬುದು ಗಮನಾರ್ಹ. ಅದರ ವೃತ್ತಾಂತವನ್ನು ತುಸು ವಿವರವಾಗಿಯೇ ಹೇಳಬೇಕು.

ಬೆಂಗಳೂರಿನ ಬಾಲ ನ್ಯಾಯ ಮಂಡಳಿಯ ಮುಂದೆ ಒಬ್ಬ ಹುಡುಗನ ಮೇಲೆ ಘೋರ ಅಪರಾಧದ ಆರೋಪವಿತ್ತು. 2022ರ ಏಪ್ರಿಲ್ 5ರಂದು ಮಂಡಳಿಯ ಪ್ರಧಾನ ದಂಡಾಧಿಕಾರಿಯು, ಹುಡುಗನನ್ನು ವಯಸ್ಕನಂತೆ ವಿಚಾರಿಸಲು ಮೊಕದ್ದಮೆಯನ್ನು ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸುವ ಆದೇಶಕ್ಕೆ ಸಹಿ ಹಾಕಿದರು. ಜೊತೆಗಿದ್ದ ಸದಸ್ಯರು ತಮಗೆ ಭಿನ್ನಾಭಿಪ್ರಾಯವಿದೆಯೆಂದು ಸೂಚಿಸಿದರು. ಕೆಲವೇ ದಿನಗಳಲ್ಲಿ, ಹುಡುಗನನ್ನು ಮಂಡಳಿಯೇ ವಿಚಾರಿಸಬೇಕೆನ್ನುವ ಇನ್ನೊಂದು ಆದೇಶ ಹೊರಬಂದಿತು. ಒಂದೇ ಮಂಡಳಿ, ಒಬ್ಬನೇ ಹುಡುಗ, ಎರಡು ಆದೇಶ. ಯಾವುದು ನಡೆಯಬೇಕು? ಉಚ್ಚ ನ್ಯಾಯಾಲಯವು 2023ರ ನವೆಂಬರ್ 15ರಂದು ಮೊದಲನೆಯ ಆದೇಶವನ್ನೇ ಎತ್ತಿಹಿಡಿಯಿತು. ಹುಡುಗನ ಪರವಾಗಿ ಅವನ ತಾಯಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು.

ನ್ಯಾಯಮೂರ್ತಿಗಳಾದ ಸಿ. ಟಿ. ರವಿಕುಮಾರ್ ಮತ್ತು ರಾಜೇಶ್ ಬಿಂದಲ್ ಅವರ ಪೀಠವು 2024ರ ಮೇ 7ರಂದು ತೀರ್ಪು ನೀಡಿತು. ಮಂಡಳಿಯಲ್ಲಿ ಬಹುಮತವಿಲ್ಲದಿದ್ದಾಗ ಪ್ರಧಾನ ದಂಡಾಧಿಕಾರಿಯ ಅಭಿಪ್ರಾಯವೇ ನಿಲ್ಲುತ್ತದೆಂಬ 7ನೆಯ ಕಲಮಿನ ನಿಯಮದಂತೆ ಏಪ್ರಿಲ್ 5ರ ಆದೇಶವೇ ಅಂತಿಮವೆಂದಾಯಿತು. ಆದರೆ ತಾಯಿಯು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಆ ಆದೇಶದ ವಿರುದ್ಧ ಹತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದೂ ಅದನ್ನು ಎರಡು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದೂ ಪೀಠವು ಹೇಳಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯಗಳನ್ನು ಸುತ್ತಿದ ನಂತರ ಆ ಕುಟುಂಬಕ್ಕೆ ದೊರೆತದ್ದು, ಏಪ್ರಿಲ್ 2022ರಲ್ಲಿಯೇ ತೊಡಗಬಹುದಾಗಿದ್ದ ದಾರಿ.

ಸದರಿ ತೀರ್ಪು ಇನ್ನೂ ಕೆಲವು ವಿಷಯಗಳನ್ನು ಸ್ಪಷ್ಟಪಡಿಸಿತು. ಎರಡನೆಯ ಉಪಕಲಮಿನ ಮೇಲ್ಮನವಿಗೂ 30 ದಿನಗಳ ಅವಧಿ ಅನ್ವಯಿಸುತ್ತದೆ. ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸಬಹುದು. ಮೇಲ್ಮನವಿಯನ್ನು 30 ದಿನಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು. ಮೌಲ್ಯಮಾಪನಕ್ಕೆ ಹೇಳಿರುವ ಮೂರು ತಿಂಗಳ ಅವಧಿ ಕಡ್ಡಾಯವಲ್ಲ, ಮಾರ್ಗದರ್ಶಕ ಸ್ವರೂಪದ್ದು. ಆದ್ದರಿಂದ ಆ ಅವಧಿ ಮೀರಿತೆಂಬ ಒಂದೇ ಕಾರಣಕ್ಕೆ ಆದೇಶವು ಬಿದ್ದುಹೋಗುವುದಿಲ್ಲ. ‘ಮಕ್ಕಳ ನ್ಯಾಯಾಲಯ’, ‘ಸೆಷನ್ಸ್ ನ್ಯಾಯಾಲಯ’ ಎಂಬ ಪದಗಳನ್ನು ಒಂದಕ್ಕೊಂದು ಪರ್ಯಾಯವಾಗಿ ಓದಬೇಕು. ಮಕ್ಕಳ ನ್ಯಾಯಾಲಯವಿರುವಲ್ಲಿ ಮೇಲ್ಮನವಿಯನ್ನೂ ಅದೇ ಕೇಳಬೇಕು. ಆದೇಶಕ್ಕೆ ಸಹಿ ಹಾಕಿದವರ ಹೆಸರುಗಳನ್ನು ಆದೇಶದಲ್ಲಿಯೇ ನಮೂದಿಸಬೇಕು. ಕೊನೆಯದು ಸಣ್ಣ ವಿಷಯವೆಂದು ತೋರಬಹುದು. ಆದರೆ ಯಾರು ಸಹಿ ಹಾಕಿದರು, ಯಾವ ದಿನ ಹಾಕಿದರು ಎಂಬುದೇ ತಿಳಿಯದ ಆದೇಶದ ವಿರುದ್ಧ ದಿನಗಳನ್ನು ಎಲ್ಲಿಂದ ಎಣಿಸಬೇಕು?

ವರ್ಗಾವಣೆಗೊಂಡ ಮೊಕದ್ದಮೆಯೂ ಅದರ ವಿರುದ್ಧದ ಮೇಲ್ಮನವಿಯೂ ಹೀಗೆ ಒಂದೇ ಆವರಣವನ್ನು ಸೇರುವುದರಿಂದ ಜನರು ಗೊಂದಲಕ್ಕೀಡಾಗುತ್ತಾರೆ. ಇವೆರಡೂ ಬೇರೆ ಬೇರೆ ಕಡತಗಳು. ಮೇಲ್ಮನವಿಯಿಲ್ಲದಿದ್ದರೂ, ಮಕ್ಕಳ ನ್ಯಾಯಾಲಯವು 19ನೆಯ ಕಲಮಿನ ಮೇರೆಗೆ ವಯಸ್ಕನಂತೆ ವಿಚಾರಿಸುವ ಅಗತ್ಯವಿದೆಯೇ ಎಂಬುದನ್ನು ತಾನೇ ಪರಿಶೀಲಿಸಬೇಕು. ಅಲ್ಲಿರುವ ಪದ ಐಚ್ಛಿಕವೆಂದು ಕಂಡರೂ ಅದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅಜೀತ್ ಗುರ್ಜರ್ ಮೊಕದ್ದಮೆಯಲ್ಲಿ ಹೇಳಿದೆ. ಮೇಲ್ಮನವಿಯ ಅವಧಿ ಮೀರಿಹೋದವರಿಗೆ ಇದು ಉಳಿದಿರುವ ಒಂದು ಆಸರೆ.

ಮೌಲ್ಯಮಾಪನದಲ್ಲಿ ಆಗುವ ತಪ್ಪು ಎಂಥದೆಂಬುದಕ್ಕೆ 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಬಾಲಕನ ಹತ್ಯೆಯ ಮೊಕದ್ದಮೆಯೇ ನಿದರ್ಶನ. ಹಿರಿಯ ವಿದ್ಯಾರ್ಥಿಯೊಬ್ಬನು ಆರೋಪಿ. ಮಂಡಳಿಯು ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂದಿತು; ಸೆಷನ್ಸ್ ನ್ಯಾಯಾಲಯವು ಮೇಲ್ಮನವಿಯನ್ನು ತಳ್ಳಿಹಾಕಿತು; ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಎರಡೂ ಆದೇಶಗಳನ್ನು ರದ್ದುಪಡಿಸಿ ಮರುಪರಿಶೀಲನೆಗೆ ಕಳುಹಿಸಿತು. ಸರ್ವೋಚ್ಚ ನ್ಯಾಯಾಲಯವು 2022ರ ಜುಲೈ 13ರಂದು ಅದನ್ನು ಎತ್ತಿಹಿಡಿದು, ಕೃತ್ಯವೆಸಗುವ ಮಾನಸಿಕ ಸಾಮರ್ಥ್ಯವಿದ್ದವನಿಗೆ ಪರಿಣಾಮವನ್ನು ಅರಿಯುವ ಶಕ್ತಿಯೂ ಇದ್ದೇ ಇರುತ್ತದೆಂದು ಭಾವಿಸಿದ್ದು ದೊಡ್ಡ ತಪ್ಪೆಂದು ಹೇಳಿತು. ಪರಿಣಾಮವೆಂದರೆ ಆ ಕ್ಷಣದ ಫಲವಷ್ಟೇ ಅಲ್ಲ. ಬಲಿಯಾದವರ ಮನೆಯವರಿಗೆ, ತನ್ನ ಮನೆಯವರಿಗೆ, ತನಗೆ ಮುಂದೆ ಆಗುವುದೂ ಪರಿಣಾಮವೇ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯದ ಪದವೀಧರ ವೃತ್ತಿನಿರತರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದೂ ಈ ತೀರ್ಪು ವಿಧಿಸಿತು. ಮರುಪರಿಶೀಲನೆಯ ಬಳಿಕ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಂಡಳಿಯು ಮತ್ತೆ ವಯಸ್ಕನಂತೆಯೇ ವಿಚಾರಣೆ ನಡೆಯಲೆಂದು ತೀರ್ಮಾನಿಸಿತೆಂಬುದನ್ನೂ ಮರೆಮಾಚಬಾರದು. ಮೇಲ್ಮನವಿಯಲ್ಲಿ ಗೆದ್ದವರಿಗೆ ಬಯಸಿದ ಫಲ ಸಿಕ್ಕೀತೆಂದಲ್ಲ. ಸರಿಯಾದ ಪರಿಶೀಲನೆ ಸಿಕ್ಕೀತು. ನೊಂದ ಪಕ್ಷಕ್ಕೂ ಈ ದ್ವಾರ ತೆರೆದಿದೆ. ಮಂಡಳಿಯು ಮೊಕದ್ದಮೆಯನ್ನು ತನ್ನಲ್ಲಿಯೇ ಉಳಿಸಿಕೊಂಡಾಗ ಆ ಆದೇಶದ ವಿರುದ್ಧವೂ ಇದೇ ಕಲಮಿನ ಮೇರೆಗೆ ಮೇಲ್ಮನವಿ ಸಲ್ಲಿಸಬಹುದು. ಮಗುವನ್ನು ಕಳೆದುಕೊಂಡ ತಂದೆತಾಯಿಯ ಪ್ರಶ್ನೆಯೂ ನ್ಯಾಯಾಲಯದ ಮುಂದಿರುವ ಪ್ರಶ್ನೆಯೇ.

ಅಮೆರಿಕದಲ್ಲಿ ಈ ಚರ್ಚೆ ಬಹು ಹಿಂದೆಯೇ ನಡೆದಿತ್ತು. ವಾಷಿಂಗ್ಟನ್ ನಗರದ ಮಾರಿಸ್ ಕೆಂಟ್ ಎಂಬ ಹದಿನಾರು ವರ್ಷದ ಹುಡುಗನನ್ನು ಬಾಲ ನ್ಯಾಯಾಲಯದ ನ್ಯಾಯಾಧೀಶರು ಯಾರ ಅಹವಾಲನ್ನೂ ಕೇಳದೆ, ಕಾರಣವನ್ನೂ ಬರೆಯದೆ ವಯಸ್ಕರ ನ್ಯಾಯಾಲಯಕ್ಕೆ ಕಳುಹಿಸಿದ್ದರು. ವಕೀಲರಿಗೆ ಕಡತವನ್ನೂ ತೋರಿಸಿರಲಿಲ್ಲ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಅಹವಾಲನ್ನು ಕೇಳಬೇಕು, ಕಡತ ತೋರಿಸಬೇಕು, ಕಾರಣ ಬರೆಯಬೇಕು ಎಂದಿತು. ಭಾರತದ 2016ರ ಮಾದರಿ ನಿಯಮಗಳ 10ಎ ನಿಯಮವೂ ವರ್ಗಾವಣೆಗೆ ಕಾರಣಗಳನ್ನು ದಾಖಲಿಸಬೇಕೆಂದೂ ಆದೇಶದ ಪ್ರತಿಯನ್ನು ಮಗುವಿಗೆ ಒಡನೆಯೇ ಕೊಡಬೇಕೆಂದೂ ಹೇಳುತ್ತದೆ.

ಇನ್ನು ಕಾಶಿಯ ಕನ್ನಡ ಕುಟುಂಬದ ವಿಷಯ. ಇಲ್ಲಿ ಬೇರೆಯವರಿಗಿಲ್ಲದ ಒಂದು ತೊಡಕಿದೆ; ಅದು ಭಾಷೆಯದು. ಮೊಕದ್ದಮೆಯನ್ನು ಊರಿಗೆ ವರ್ಗಾಯಿಸಿಕೊಂಡರಾಯಿತೆಂದು ಕೆಲವರು ಯೋಚಿಸುವುದುಂಟು. ಸಂಘರ್ಷಕ್ಕೊಳಗಾದ ಮಗುವನ್ನು ಅವನ ಊರಿನ ಮಂಡಳಿಗೆ ಕಳುಹಿಸುವುದು ವಿಚಾರಣೆ ಮುಗಿದು ಅಂತಿಮ ಆದೇಶವಾದ ಮೇಲೆ ಮಾತ್ರವೆಂದು 95ನೆಯ ಕಲಮು ಹೇಳುತ್ತದೆ. ಆದ್ದರಿಂದ ಮೌಲ್ಯಮಾಪನ ನಡೆಯುವುದು ವಾರಾಣಸಿಯಲ್ಲಿಯೇ, ಸಾಮಾನ್ಯವಾಗಿ ಹಿಂದಿಯಲ್ಲಿಯೇ. ಪೇಟೆಯಲ್ಲಿ ವ್ಯವಹರಿಸುವಷ್ಟು ಹಿಂದಿ ಬಲ್ಲ ಹುಡುಗನು ತನ್ನ ಭಯ, ನಾಚಿಕೆ, ಪಶ್ಚಾತ್ತಾಪಗಳನ್ನು ಅದೇ ಹಿಂದಿಯಲ್ಲಿ ಹೇಳಬಲ್ಲನೆಂದು ತಿಳಿಯುವುದು ಸರಿಯಲ್ಲ. ಕನ್ನಡದ ಮಕ್ಕಳು ಹಿರಿಯರು ಮಾತನಾಡುವಾಗ ‘ಹೂಂ’ ಎನ್ನುತ್ತಿರುತ್ತಾರೆ. ಅಜ್ಜಿಯ ಕಥೆಗೆ ಹೂಂಗುಟ್ಟಿ ಬೆಳೆದವರು ಅವರು. ಅದರರ್ಥ ಕೇಳುತ್ತಿದ್ದೇನೆ ಎಂದಷ್ಟೇ. ಹೀಗೆ ಮಾಡಿದರೆ ಸಾಯುತ್ತಾರೆಂದು ನಿನಗೆ ಗೊತ್ತಿತ್ತೇ ಎಂಬ ಪ್ರಶ್ನೆಯ ನಡುವೆ ಬಂದ ಅಂತಹ ಒಂದು ‘ಹೂಂ’ ವರದಿಯಲ್ಲಿ ‘ಪರಿಣಾಮದ ಅರಿವಿತ್ತು’ ಎಂದಾಗಿಬಿಡಬಹುದು. ಹಿರಿಯರೆದುರು ತಲೆ ತಗ್ಗಿಸಿ ಸುಮ್ಮನಿದ್ದುದು ‘ಪಶ್ಚಾತ್ತಾಪದ ಲಕ್ಷಣವಿಲ್ಲ’ ಎಂದಾಗಬಹುದು. ಭಾಷಾಂತರದ ಕೆಲಸ ಬಲ್ಲವರಿಗೆ ಇದು ಉತ್ಪ್ರೇಕ್ಷೆಯೆಂದು ತೋರದು.

ಕಾನೂನು ಇದನ್ನು ಮುಂಗಂಡಿದೆ. ನಡವಳಿಯ ಭಾಷೆಯನ್ನು ಅರಿಯದ ಮಗುವಿಗೆ ದುಭಾಷಿಯನ್ನಾಗಲಿ ಭಾಷಾಂತರಕಾರರನ್ನಾಗಲಿ ಒದಗಿಸುವುದು 8ನೆಯ ಕಲಮಿನ ಪ್ರಕಾರ ಮಂಡಳಿಯ ಕರ್ತವ್ಯ. ಅದಕ್ಕೆ ನಿಗದಿತ ಶುಲ್ಕವೂ ಇದೆ. ಮೊದಲ ಭೇಟಿಯಲ್ಲಿಯೇ ಲಿಖಿತವಾಗಿ ಕೋರಬೇಕು. ಕೋರಿದ್ದೂ ಒದಗಿಸದೆ ಮೌಲ್ಯಮಾಪನ ನಡೆಸಿದ್ದರೆ ಮೇಲ್ಮನವಿಯಲ್ಲಿ ಅದು ಬಲವಾದ ಆಧಾರವಾಗುತ್ತದೆ. ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿಯಲ್ಲಿ ಊರು, ಶಾಲೆ, ಮನೆಯ ಪರಿಸ್ಥಿತಿಗಳ ವಿವರ ಇರಬೇಕು. ನೂರಾರು ಹರದಾರಿ ದೂರದ ಊರಿನ ಸಂಗತಿ ಅವರಿಗೆ ಹೇಗೆ ತಿಳಿಯಬೇಕು? ಶಾಲೆಯ ಮುಖ್ಯೋಪಾಧ್ಯಾಯರ ಪತ್ರ, ಹಿಂದೆ ಚಿಕಿತ್ಸೆ ಪಡೆದಿದ್ದರೆ ಆಸ್ಪತ್ರೆಯ ಚೀಟಿಗಳು, ಇವನ್ನು ಹಿಂದಿ ಅನುವಾದದೊಂದಿಗೆ ಕುಟುಂಬವೇ ಒದಗಿಸುವುದು ಯುಕ್ತ.

ವರದಿಗಳು ಗೋಪ್ಯವಾದವು. ಆದರೂ ಅವುಗಳ ಸಾರವನ್ನು ಮಗುವಿಗೆ, ತಂದೆತಾಯಿಗೆ ತಿಳಿಸಿ, ಅದಕ್ಕೆ ಪ್ರತಿಯಾಗಿ ಸಾಕ್ಷ್ಯ ಒದಗಿಸಲು ಅವಕಾಶ ನೀಡುವ ಅಧಿಕಾರ 99ನೆಯ ಕಲಮಿನಲ್ಲಿದೆ. ಆದೇಶದ ಪ್ರತಿ ಕೈಗೆ ಬಂದೊಡನೆ ಅದನ್ನು ಯಾರಿಂದಲಾದರೂ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ನಾಲ್ಕೂ ಅಂಶಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸಿದ್ದಾರೆಯೇ, ತಜ್ಞರು ಯಾರು, ಅವರು ಹುಡುಗನೊಡನೆ ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಮಾತನಾಡಿದರು, ತೀರ್ಮಾನವು ಹುಡುಗನ ಮನಸ್ಸನ್ನು ಕುರಿತಿದೆಯೇ ಅಥವಾ ಕೃತ್ಯದ ಭೀಕರತೆಯನ್ನಷ್ಟೇ ಕುರಿತಿದೆಯೇ ಎಂಬುದನ್ನು ನೋಡಬೇಕು. ಕೃತ್ಯವು ಭೀಕರವಾಗಿದ್ದುದರಿಂದಲೇ ಮೌಲ್ಯಮಾಪನ ನಡೆಯಿತು. ಅದನ್ನೇ ಮತ್ತೆ ಉತ್ತರವಾಗಿ ಬರೆದರೆ ಮೌಲ್ಯಮಾಪನ ನಡೆಯಿತೆನ್ನಲಾಗದು.

ವಕೀಲರಿಗೆ ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಲ್ಲುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಬಹುದು. ಮೇಲ್ಮನವಿಯ ಅರ್ಜಿಯಲ್ಲಿಯೇ ಬೇರೆ ತಜ್ಞರ ನೆರವನ್ನೂ ಕನ್ನಡ ಬಲ್ಲ ದುಭಾಷಿಯನ್ನೂ ಕೋರಬೇಕು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿರುವುದನ್ನು ನ್ಯಾಯಾಲಯದ ಗಮನಕ್ಕೆ ತರಬಹುದು. ಮೇಲ್ಮನವಿ ತೀರ್ಮಾನವಾಗುವವರೆಗೆ ವಯಸ್ಕರ ವಿಚಾರಣೆ ಮುಂದುವರಿಯದಂತೆ ತಡೆಯಾಜ್ಞೆಯನ್ನೂ ಪ್ರತ್ಯೇಕವಾಗಿ ಪ್ರಾರ್ಥಿಸಬೇಕು. ಅವಧಿ ಮೀರಿದ್ದಲ್ಲಿ, ಆದೇಶದ ಪ್ರತಿ ಯಾವ ದಿನ ದೊರೆಯಿತು, ಅದರ ಅರ್ಥ ಯಾವ ದಿನ ತಿಳಿಯಿತು ಎಂಬುದನ್ನು ತಾರೀಖಿನೊಂದಿಗೆ ವಿವರಿಸಿ ವಿಳಂಬದ ಮನ್ನಣೆ ಕೋರಬೇಕು.

ಸೆಷನ್ಸ್ ನ್ಯಾಯಾಲಯದ ತೀರ್ಮಾನದ ಮೇಲೆ ಎರಡನೆಯ ಮೇಲ್ಮನವಿ ಇಲ್ಲ. 102ನೆಯ ಕಲಮಿನ ಮೇರೆಗೆ ಉಚ್ಚ ನ್ಯಾಯಾಲಯದ ಪುನರೀಕ್ಷಣೆಯನ್ನು ಮಾತ್ರ ಕೋರಬಹುದು. ವಾರಾಣಸಿಯವರಿಗೆ ಅದು ಪ್ರಯಾಗರಾಜದಲ್ಲಿರುವ ಅಲಹಾಬಾದ್ ಉಚ್ಚ ನ್ಯಾಯಾಲಯ. ಗುರುಗ್ರಾಮದ ಹುಡುಗನಿಗೆ ಮರುಪರಿಶೀಲನೆ ದೊರೆತದ್ದು ಉಚ್ಚ ನ್ಯಾಯಾಲಯದಲ್ಲಿಯೇ. ಅಲ್ಲಿಗೆ ಹೋಗುವವರು ಮಂಡಳಿಯ ಆದೇಶ, ಸೆಷನ್ಸ್ ತೀರ್ಪು ಇವುಗಳ ದೃಢೀಕೃತ ಪ್ರತಿಗಳೊಂದಿಗೆ, ದುಭಾಷಿಗಾಗಿ ಮೊದಲು ಕೊಟ್ಟ ಅರ್ಜಿಯ ಸ್ವೀಕೃತಿಯನ್ನೂ ತೆಗೆದುಕೊಂಡು ಹೋಗತಕ್ಕದ್ದು.